ತಿಪ್ಪೆ ಬಾಗಿಲು

ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ಹಾಗಿದ್ದರೆ ಹಾವುಗಳೆಲ್ಲ ಬಂದು ಚಿಕ್ಕಮುನಿಯಮ್ಮನ ಹತ್ತಿರ ಪಾಠ ಹೇಳಿಸಿಕೊಳ್ಳಬೇಕು. ಇಪ್ಪತ್ತು ವರ್ಷದ ಮೇಲಾದರೂ ಅವಳ ಸಿಟ್ಟು ಒಂದು ಚೂರೂ ಹಳಸಿರಲಿಲ್ಲ. ಬೆಳಿಗ್ಗೆ ಎದ್ದು ಮುಖಕ್ಕೆ ನೀರು ಹಾಕಿಕೊಳ್ಳುವುದಕ್ಕೂ ಮುಂಚೆ ತೊಟ್ಟಿಯ ನಡುವಿನ ಗೋಡೆಗೆ ಕಿವಿಗೊಟ್ಟು ನಿಲ್ಲುವಳು. ಗೋಡೆಯಾಚೆ ಹಾಸಿಗೆ ಹಿಡಿದಿದ್ದ ಭಾವ ರಾಮಯ್ಯ ಕೆಮ್ಮಿದರೆ ಸಮಾಧಾನ. ‘ಇರು, ಇರು, ನಾನಿಲ್ಲದ ಹೊತ್ತಲ್ಲಿ ಹೋಗ್ಬೇಡ’ ಅಂದುಕೊಂಡು ಒಲೆ ಹಚ್ಚಲು ಹೋಗುವಳು. ಸಾಯುವ ಮುಂಚೆ ಅವಳು ನೋಡಬೇಕಾಗಿದ್ದದ್ದು ಒಂದೇ ಒಂದು: ರಾಮಯ್ಯನ ಹೆಣ ಆ ಮನೆಯ ತಿಪ್ಪೆ ಬಾಗಿಲಿನಿಂದ ಹೊರಗೆ ಹೋಗುವುದು.

ಮನೆ ಕಟ್ಟಿಸಿದ್ದು ರಾಮಯ್ಯನ ತಾತ ಪಿಳ್ಳಪ್ಪ. ಮಹದೇವಪುರದ ಆಚೆ ಆಗ ರಾಗಿ ಹೊಲ ಬಿಟ್ಟರೆ ಕೆರೆ, ಕೆರೆ ಬಿಟ್ಟರೆ ದ್ರಾಕ್ಷಿ ತೋಟ. ಈಗ ಗಾಜಿನ ಕಟ್ಟಡಗಳು ನಿಂತಿರುವ ಕಡೆಯಿಂದ ಗಾಡಿಗಟ್ಟಲೆ ಮಣ್ಣು ತಂದು, ತುಳಿಸಿ, ಮೊಳ ದಪ್ಪದ ಗೋಡೆ ಎಬ್ಬಿಸಿದ್ದ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಹಲಸಿನ ಕಂಬಗಳ ಪಡಸಾಲೆ, ಮುಂದೆ ಜಗಲಿ. ಮಳೆ ಬಂದರೆ ನಾಲ್ಕೂ ಕಡೆಯ ಹೆಂಚಿನ ನೀರು ತೊಟ್ಟಿಗೇ ಇಳಿಯುತ್ತಿತ್ತು, ಹೆಂಗಸರು ಕೊಡಪಾನ ಸಾಲಾಗಿ ಇಟ್ಟರೆ ಆವತ್ತು ಬಾವಿಯ ಕಡೆ ಹೋಗುವಂತಿರಲಿಲ್ಲ. ತಲೆಬಾಗಿಲಂತೂ ಊರಿಗೇ ಹೆಸರು. ಹೊನ್ನೆ ಮರದ ಚೌಕಟ್ಟು, ಅದರ ತುಂಬ ಬಳ್ಳಿ, ಗಿಳಿ, ಮೇಲೆ ಗಜಲಕ್ಷ್ಮಿ. ಎಂಥ ಪಟೇಲನೇ ಬಂದರೂ ತಲೆ ಬಾಗಿಸಿ ಒಳಗೆ ಬರಲಿ ಅಂತ ಬೇಕೆಂದೇ ತಗ್ಗಾಗಿ ಇಡಿಸಿದ್ದ. ಅದರ ಹೊಸ್ತಿಲು ಕೂರಿಸುವಾಗ ಹಾಲು ತುಪ್ಪ ಬಿಟ್ಟು ಒಂದು ಕಟ್ಟಳೆಯನ್ನೂ ಮಾಡಿದ್ದ. ಈ ಮನೆಗೆ ಬರುವ ಸೊಸೆ ಈ ಹೊಸ್ತಿಲು ದಾಟಿ ಬರಬೇಕು, ಈ ಮನೆಯಲ್ಲಿ ಸತ್ತವರು ಈ ಹೊಸ್ತಿಲು ದಾಟಿ ಹೋಗಬೇಕು. ದಾಟದೆ ಹೋದ ಜೀವ ಮನೆ ಬಿಡುವುದಿಲ್ಲ, ಅಲ್ಲೇ ಸುತ್ತಿಕೊಂಡಿರುತ್ತದೆ.

ಇನ್ನು ತಿಪ್ಪೆ ಬಾಗಿಲು. ಅದು ಹಿಂದುಗಡೆ, ಕೊಟ್ಟಿಗೆಯ ಮೂಲೆಯಲ್ಲಿ. ಸಗಣಿ ಮಂಕರಿ ಹಿಡಿದ ಹೆಂಗಸೊಬ್ಬಳು ಮೈ ಓರೆ ಮಾಡಿಕೊಂಡು ತಿಪ್ಪೆಯ ಕಡೆ ದಾಟುವಷ್ಟೇ ಅಗಲ. ಅದಕ್ಕೆ ಹೊಸ್ತಿಲೂ ಇರಲಿಲ್ಲ, ಅರಿಶಿನ ಕುಂಕುಮವೂ ಇರಲಿಲ್ಲ. ಅದನ್ನು ಒಂದು ಬಾಗಿಲು ಅಂತ ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ರಾಮಯ್ಯನಿಗೂ ಅವನ ತಮ್ಮ, ಅಂದರೆ ಚಿಕ್ಕಮುನಿಯಮ್ಮನ ಗಂಡ ಮುನೀಂದ್ರನಿಗೂ ಭಾಗವಾದಾಗ ಹಿರಿಯ ಅಂತ ರಾಮಯ್ಯನಿಗೆ ಮುಂದಿನ ಅರ್ಧ ಬಂತು. ಜಗಲಿ, ತಲೆಬಾಗಿಲು, ದೇವರ ಕೋಣೆ ಎಲ್ಲ ಅತ್ತ. ಅಡುಗೆ ಮನೆ, ಕೊಟ್ಟಿಗೆ, ಹಿತ್ತಲು ಇತ್ತ. ರಾಮಯ್ಯ ತೊಟ್ಟಿಯ ನಟ್ಟನಡುವೆ ಸಿಮೆಂಟ್ ಇಟ್ಟಿಗೆಯ ಗೋಡೆ ಎಬ್ಬಿಸಿದ. ಬೀಳುವ ಮಳೆಯೂ ಎರಡು ಪಾಲಾಯಿತು ಅಂತ ಊರವರು ನಕ್ಕರು. ಆದರೂ ಹಿರಿಯರು ಸುಮ್ಮನಿರದೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ತಲೆಬಾಗಿಲು ಇಬ್ಬರದ್ದೂ ಎಂದು ಹೇಳಿ, ಗೋಡೆಯಲ್ಲಿ ಒಂದು ಕದ ಬಿಡಿಸಿದ್ದರು. ಅದರ ಅಗುಳಿ ಮಾತ್ರ ರಾಮಯ್ಯನ ಕಡೆ ಇತ್ತು.

ಮುನೀಂದ್ರ ಎದೆ ಹಿಡಿದುಕೊಂಡು ಕುಸಿದು ಸತ್ತ ದಿನ ಆ ಅಗುಳಿ ತೆಗೆಯಲಿಲ್ಲ. ಯಾಕೆ ಅಂತೀರಾ? ಆವತ್ತು ರಾಮಯ್ಯನ ಪಡಸಾಲೆಯಲ್ಲಿ ಕಂಪ್ಯೂಟರ್ ಕ್ಲಾಸಿನ ಉದ್ಘಾಟನೆ. ಊರಿಗೆ ಮೊಟ್ಟಮೊದಲ ಬಾಡಿಗೆ ಆಸಾಮಿಗಳು. ಪಿಳ್ಳಪ್ಪನ ತಲೆಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿ, ಕತ್ತರಿಸಲು ಯಾರೋ ಲೀಡರ್ ಬರುತ್ತಾರೆಂದು ಕಾಯುತ್ತಿದ್ದರು. ಚಿಕ್ಕಮುನಿಯಮ್ಮ ಕದ ಬಡಿದು ಬಡಿದು ಕೂಗಿದಳು. ಆಚೆಯಿಂದ ರಾಮಯ್ಯನ ದನಿ ಬಂತು.

“ರಿಬ್ಬನ್ ಕಟ್ಟವ್ರೆ ಕಣವ್ವ. ಎಣ ಕಂಡ್ರೆ ಬಾಡಿಗೆಯೋರು ಓಡೋಗ್ತಾರೆ. ಸತ್ತೋನ್ಗೆ ಯಾವ ಬಾಗ್ಲಾದ್ರೇನವ್ವ? ಇಂದ್ಗಡೆಯಿಂದ ಸಾಗ್ಸಿ.”

ಒಡಹುಟ್ಟಿದ ತಮ್ಮ! ಥೂ, ಮನುಷ್ಯನಾ ಅವನು? ಚಟ್ಟ ತಿಪ್ಪೆ ಬಾಗಿಲಲ್ಲಿ ಹಿಡಿಸಲಿಲ್ಲ. ಹೊತ್ತವರು ಅದನ್ನು ಒಂದು ಪಕ್ಕಕ್ಕೆ ಓರೆ ಮಾಡಿದರು. ಕಟ್ಟಿದ ಹಗ್ಗ ಸಡಿಲಾಗಿ ಮುನೀಂದ್ರನ ಬಲಗೈ ಜಾರಿ ಹೊರಗೆ ಬಂದು ಬಾಗಿಲ ಕಲ್ಲಿಗೆ ಟಕ್ ಅಂತ ಬಡಿಯಿತು. ಆ ಸದ್ದು ಚಿಕ್ಕಮುನಿಯಮ್ಮನ ಕಿವಿಯಲ್ಲಿ ಉಳಿದುಬಿಟ್ಟಿತು. ಹನ್ನೊಂದರ ದಿನ ಇಟ್ಟ ಎಡೆಯನ್ನು ಕಾಗೆ ಮುಟ್ಟಲಿಲ್ಲ. ಆಮೇಲೆ ಎಷ್ಟು ಅಮಾವಾಸ್ಯೆಗೆ ಅನ್ನ ಇಟ್ಟರೂ ಮುಟ್ಟಲಿಲ್ಲ. ಹೊಸ್ತಿಲು ದಾಟದ ಗಂಡ ಕೊಟ್ಟಿಗೆಯಲ್ಲೇ ಎಲ್ಲೋ ದನದ ಹಗ್ಗದ ಹತ್ತಿರ ನಿಂತಿದ್ದಾನೆ ಎಂದು ಅವಳಿಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತು. ರಾಮಯ್ಯ ಮಾತ್ರ ಗೋಡೆಯ ಕದವನ್ನೂ ಇಟ್ಟಿಗೆ ಹಾಕಿಸಿ ಮುಚ್ಚಿದ. ಅವಳು ಆವತ್ತೇ ಆ ಇಟ್ಟಿಗೆಗೆ ಮಣ್ಣು ತೂರಿ, “ನೀನೂ ಇಲ್ಲಿಂದ್ಲೇ ಹೋಗ್ಬೇಕು ಕಣೋ, ತಿಪ್ಪೆ ಬಾಗ್ಲಲ್ಲೇ, ಓರೆಯಾಗಿ” ಅಂದಿದ್ದಳು.

ಅಂದಳು ಸರಿ, ಆಗುವುದು ಹೇಗೆ? ತಲೆಬಾಗಿಲು ಅವನದು, ಹೊಸ್ತಿಲು ಅವನದು. ಸತ್ತರೆ ರಾಜನ ಹಾಗೆ ಮುಂದುಗಡೆಯಿಂದಲೇ ಹೋಗುತ್ತಾನೆ. ಕಾದಳು. ಮಗಳು ಗೌರಿಯನ್ನು ಓದಿಸಿದಳು, ಅವಳು ವೈಟ್‌ಫೀಲ್ಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಅಷ್ಟು ವರ್ಷವೂ ಕಾದಳು. ಕೊನೆಗೆ ದಾರಿ ಮಾಡಿಕೊಟ್ಟವನು ಬೇರೆ ಯಾರೂ ಅಲ್ಲ, ರಾಮಯ್ಯನ ಸ್ವಂತ ಮಗ ಬಾಲಾಜಿ.

ಬಾಲಾಜಿಗೆ ಕೆಲಸದ ಹುಡುಗಿಯರಿಗೆ ಬಾಡಿಗೆಗೆ ಕೊಡುವ ಪಿ.ಜಿ. ಹಾಸ್ಟೆಲ್ ಕಟ್ಟುವ ಹುಚ್ಚು ಹಿಡಿಯಿತು. ಸುತ್ತ ಎಲ್ಲರೂ ಕಟ್ಟಿದ್ದರು, ಇವನೊಬ್ಬನೇ ಹೆಂಚಿನ ಮನೆ ಇಟ್ಟುಕೊಂಡು ಕೂತಿದ್ದ. ಅಪ್ಪ ಹಾಸಿಗೆ ಹಿಡಿದಿದ್ದಾನೆ, ಹುಟ್ಟಿದ ಕೋಣೆ ಬಿಟ್ಟು ಕದಲುವುದಿಲ್ಲ ಅನ್ನುತ್ತಿದ್ದಾನೆ. ಇರಲಿ, ಆ ಕೋಣೆಯೊಂದನ್ನು ಬಿಟ್ಟು ಮಿಕ್ಕಿದ್ದು ಕೆಡವೋಣ ಅಂದ. ಅಪ್ಪ ಉಸಿರಾಡುತ್ತಿರುವಾಗಲೇ ಗಳ ಹಿರಿಯುವ ಮಗ. ಜಗಲಿ ಹೋಯಿತು, ಪಡಸಾಲೆ ಹೋಯಿತು. ಹಲಸಿನ ಕಂಬಗಳನ್ನು ಲಾರಿಗೆ ಏರಿಸಿದರು. ತಲೆಬಾಗಿಲಿಗೆ ಹಳೇ ಮರದ ವ್ಯಾಪಾರಿಯೊಬ್ಬ ಬಂದ. ವೈಟ್‌ಫೀಲ್ಡಿನಲ್ಲಿ ಹೊಸದಾಗಿ ಏಳುತ್ತಿದ್ದ ಪಬ್ಬಿನ ಮುಂಬಾಗಿಲಿಗೆ ಗಜಲಕ್ಷ್ಮಿ ಬೇಕಾಗಿದ್ದಳಂತೆ. ಚೌಕಟ್ಟನ್ನೂ ಕದಗಳನ್ನೂ ಬಿಚ್ಚಿಕೊಂಡ. ಕೆಳಗಿನ ಹೊಸ್ತಿಲನ್ನು ಕಾಲಿನಿಂದ ತಳ್ಳಿ, “ಇದು ಬೇಡ ಸಾರ್. ನಡುವೆ ಸವೆದು ಹಳ್ಳ ಆಗಿದೆ. ಅಲ್ಲಿ ಇಟ್ರೆ ಕುಡಿದೋರು ಎಡವಿ ಬೀಳ್ತಾರೆ” ಅಂದ.

ಹಿತ್ತಲ ಕಡೆಯಿಂದ ಸುತ್ತಿಕೊಂಡು ಬಂದು ಇದನ್ನೆಲ್ಲ ನೋಡುತ್ತ ನಿಂತಿದ್ದ ಚಿಕ್ಕಮುನಿಯಮ್ಮ ಆ ಹೊಸ್ತಿಲ ಹತ್ತಿರ ಬಂದಳು. ಅವಳಿಗೆ ಗೊತ್ತಿತ್ತು, ಈ ಹುಡುಗನಿಗೆ ಗೊತ್ತಿರಲಿಲ್ಲ. ಚೌಕಟ್ಟು ಬರೀ ಮರ. ಹೊಸ್ತಿಲು ಎಲ್ಲಿದೆಯೋ ಅದೇ ತಲೆಬಾಗಿಲು.

“ಬಾಲಾಜಿ, ಆ ದಿಮ್ಮಿ ಏನ್ ಮಾಡ್ತೀಯಪ್ಪ?” ಅಂದಳು, ದನಿಯನ್ನು ಆದಷ್ಟು ಸಪ್ಪೆ ಮಾಡಿಕೊಂಡು.

“ಅದಾ? ಡೆಬ್ರಿಸ್ ಲಾರಿಗೆ ಹಾಕಿಸ್ತೀನಿ ಚಿಕ್ಕಮ್ಮ. ನಿಮಗೆ ಬೇಕಾ? ಬಚ್ಚಲ ಒಲೆಗಾಗುತ್ತೆ, ತಗೊಂಡೋಗಿ.”

“ಆಗ್ಲಪ್ಪ, ಒಲೆಗೇ ಆಗ್ಲಿ” ಅಂದಳು. ಪಕ್ಕದ ಸೈಟಿನಲ್ಲಿ ಶೆಡ್ ಹಾಕಿಕೊಂಡಿದ್ದ ಗಾರೆ ಕೆಲಸದ ಅಮರಪ್ಪನನ್ನು ಕರೆದು, ಅವನು ಮತ್ತೊಬ್ಬ ಆಳಿನ ಜೊತೆ ಅದನ್ನು ಹೊತ್ತು ತರುವಾಗ ಅವಳು ಹಿಂದೆ ಹಿಂದೆಯೇ ಓಡಿದಳು, ಬಾಲಾಜಿಗೆ ಬುದ್ಧಿ ಬಂದುಬಿಟ್ಟರೆ ಅಂತ. ಅವನಿಗೆಲ್ಲಿಂದ ಬರಬೇಕು!

ಆವತ್ತೇ ಮಧ್ಯಾಹ್ನ ಅಮರಪ್ಪ ತಿಪ್ಪೆ ಬಾಗಿಲ ಮುಂದೆ ಕೂತು ತಲೆ ಕೆರೆದುಕೊಂಡ. ರಾಯಚೂರಿನ ಕಡೆಯವನು. “ಯವ್ವಾ, ಇಷ್ಟು ಸಣ್ಣ ಬಾಗಲಕ್ಕ ಅಷ್ಟು ಉದ್ದದ ಹೊಸ್ತಿಲ ಹ್ಯಾಂಗ ಕೂಡ್ತದ? ಎರಡೂ ಕಡೆ ಕೊಯ್ದು ಬಿಡ್ಲೇನು?”

“ಕೊಯ್ದೀಯ, ಹುಷಾರ್! ಎರಡು ಕಡೇನೂ ಗೋಡೆ ಒಳಕ್ಕೆ ಕೂರ್ಸು.”

“ಹಂಗಾರ ಬಾಗಲಾನ ಅಗಲ ಮಾಡೂಣು ಬಿಡ್ರಿ. ಹೆಂಗೂ ಗ್ವಾಡಿ ಒಡ್ಯಾಕ ಹತ್ತೀವಿ. ಅರ್ಧ ದಿನದ ಕೆಲಸ.”

“ಬೇಡ” ಅಂದಳು ಚಿಕ್ಕಮುನಿಯಮ್ಮ. “ಒಂದು ಬೆರಳೂ ಅಗಲ ಆಗ್ಬಾರ್ದು.” ಅಮರಪ್ಪ ಮತ್ತೆ ಏನೂ ಕೇಳದೆ ಉಳಿ ಹಿಡಿದ.

ಹೊಸ್ತಿಲು ಕೂತ ಮೇಲೆ ಹಾಲು ತುಪ್ಪ ಬಿಟ್ಟಳು. ಅರಿಶಿನ ಬಳಿದಳು. ಸೊಸೆಯಾಗಿ ಬಂದ ದಿನ ತಾನು ಅದರ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಲ್ಲಿ ತಳ್ಳಿ ಒಳಗೆ ಬಂದದ್ದು ನೆನಪಾಯಿತು. ಮುಂದಿನ ಅಮಾವಾಸ್ಯೆಗೆ ಗಂಡನ ಅನ್ನವನ್ನು ಹೊಸ್ತಿಲ ಆಚೆ, ಹಿಂದೆ ತಿಪ್ಪೆಯಿದ್ದ ಜಾಗದಲ್ಲಿ ಇಟ್ಟು, “ಬನ್ನಿ, ದಾಟಿ ಹೋಗಿ. ನಿಮ್ಮ ತಾತನ ಹೊಸ್ಲು ತಂದಿದೀನಿ” ಅಂದಳು. ಅಪಾರ್ಟ್‌ಮೆಂಟಿನ ಕಾಂಪೌಂಡಿನ ಮೇಲಿಂದ ಕಾಗೆಯೊಂದು ಇಳಿದು ಬಂತು. ಅನ್ನದ ಉಂಡೆಯನ್ನು ಕುಕ್ಕಿ, ಬಾಯಿ ತುಂಬ ತುಂಬಿಕೊಂಡು ಹಾರಿತು. ಚಿಕ್ಕಮುನಿಯಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಗೌರಿ ಅವಳ ಬೆನ್ನು ನೇವರಿಸಿದಳು. “ಅಪ್ಪನಿಗೆ ದಾರಿ ಸಿಕ್ತಲ್ಲಮ್ಮ. ಇನ್ನಾದ್ರೂ ದೊಡ್ಡಪ್ಪನ ಮೇಲಿನ ಹಟ ಬಿಡು.”

“ಅವ್ರಿಗೆ ಸಿಕ್ತು. ನಂಗೆ ಸಿಗ್ಬೇಕಲ್ಲ” ಅಂದಳು ಚಿಕ್ಕಮುನಿಯಮ್ಮ, ಕಣ್ಣೊರೆಸಿಕೊಂಡು.

ಗೋಡೆಯಾಚೆ ಮಲಗಿದ್ದ ರಾಮಯ್ಯನ ಕಿವಿ ಮಾತ್ರ ಚುರುಕಾಗಿಯೇ ಇತ್ತು. ಉಳಿ ಸುತ್ತಿಗೆಯ ಸದ್ದು ಅವನಿಗೆ ಕೇಳಿಸಿತ್ತು. ಒಂದು ಸಂಜೆ ಕೆಮ್ಮು ನಿಂತು, ಗೋಡೆಯ ಮೇಲಿಂದ ಸಣ್ಣ ದನಿ ಬಂತು.

“ಚಿಕ್ಕಮುನೀ... ಅಲ್ಲಿದೀಯವ್ವ?”

ಇಪ್ಪತ್ತು ವರ್ಷದಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡೇ ಬಂದು ಗೋಡೆಯ ಹತ್ತಿರ ನಿಂತಳು.

“ಇದೀನಿ. ಹೇಳಿ.”

“ಮುಂದೆ ಎಲ್ಲಾ ಅಗ್ದು ಗುಂಡಿ ಮಾಡವ್ನೆ. ಹಲ್ಗೆ ಮೇಲೆ ಓಡಾಡ್ತಾವ್ರಂತೆ. ಒಸ್ಲು ನಿಂಗೆ ಕೊಟ್ಟೆ ಅಂದ ಬಾಲಾಜಿ. ಸುಟ್ಬುಟ್ಯಾ?”

“ಇಲ್ಲ ಭಾವ. ಜೋಪಾನವಾಗಿ ಇಟ್ಟಿದೀನಿ. ನಿಮಗೇ ಅಂತ.”

ಮುದುಕ ದಡ್ಡನಲ್ಲ. ಸುತ್ತಿಗೆ ಸದ್ದು ಯಾವ ಮೂಲೆಯಿಂದ ಬಂದಿತ್ತು ಅನ್ನುವುದನ್ನು ಕೂಡಿಸಿ ಕಳೆದು ನೋಡಿದ.

“ತಿಪ್ಪೆ ಬಾಗ್ಲಿಗಾ?”

“ಹೂಂ.”

“ಆವತ್ತು... ಮುನೀಂದ್ರನ ಕೈ ಬಡೀತಲ್ಲ... ಅದು ನಂಗೂ ಕೇಳ್ಸಿತ್ತು ಕಣವ್ವ. ಇಲ್ಲೇ ನಿಂತಿದ್ದೆ. ಅಗುಳಿ ಮೇಲೆ ಕೈ ಮಡಗಿದ್ದೆ.”

ಹೀಗೆ ಹೇಳಿದರೆ ಕರಗುತ್ತಾಳೆ ಅಂದುಕೊಂಡನೋ ಏನೋ ಪಾಪ. ಚಿಕ್ಕಮುನಿಯಮ್ಮನಿಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಇಷ್ಟು ವರ್ಷ ಅವನು ಮುಂದುಗಡೆ ಎಲ್ಲೋ ರಿಬ್ಬನ್ ಪಕ್ಕ ಹಲ್ಲು ಕಿರಿಯುತ್ತ ನಿಂತಿದ್ದ, ಅವನಿಗೇನೂ ಗೊತ್ತಾಗಲಿಲ್ಲ ಎಂದುಕೊಂಡಿದ್ದಳು. ಇಲ್ಲೇ ನಿಂತಿದ್ದನಂತೆ! ಅಗುಳಿಯ ಮೇಲೆ ಕೈ ಇತ್ತಂತೆ! ಕೇಳಿಸಿಯೂ ತೆಗೆಯಲಿಲ್ಲವಲ್ಲ ಪಾಪಿ!

“ಒಸಿ ಅಗಲ ಮಾಡ್ಸವ್ವ ಆ ಬಾಗ್ಲ” ಅಂದಿತು ಆಚೆಯ ದನಿ. “ನಾನೂ ಇನ್ನೆಷ್ಟು ದಿನ...”

“ಸತ್ತೋರ್ಗೆ ಯಾವ ಬಾಗ್ಲಾದ್ರೇನು ಭಾವ?” ಅಂದು ಚಿಕ್ಕಮುನಿಯಮ್ಮ ಒಳಗೆ ಹೋದಳು. ಒಗ್ಗರಣೆ ಸೀದು ಹೋಗಿತ್ತು, ಮತ್ತೆ ಹಾಕಿದಳು.

ಆಷಾಢ ಕಳೆದು ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ಗೋಡೆಗೆ ಕಿವಿಗೊಟ್ಟರೆ ಕೆಮ್ಮು ಕೇಳಿಸಲಿಲ್ಲ. ಅದರ ಬದಲು ರಾಮಯ್ಯನ ಹೆಂಡತಿ ವೆಂಕಟಮ್ಮ ಬಾಯಿ ಬಡಿದುಕೊಳ್ಳುವುದು ಕೇಳಿಸಿತು. ಚಿಕ್ಕಮುನಿಯಮ್ಮ ಹೋಗಿ ತಲೆಗೆ ನೀರು ಹಾಕಿಕೊಂಡು, ಒಗೆದಿಟ್ಟಿದ್ದ ಸೀರೆ ಉಟ್ಟುಕೊಂಡು, ಕೊಟ್ಟಿಗೆಯಲ್ಲಿ ಮಣೆ ಹಾಕಿಕೊಂಡು ಕೂತಳು. ಬರುತ್ತಾರೆ ಅಂತ ಗೊತ್ತಿತ್ತು.

ಮೊದಲು ಬಾಲಾಜಿ, ಹಲಗೆಯ ಮೇಲೆ ಗುಂಡಿ ದಾಟಿಸಿ ಗೇಟಿನ ಕಡೆಯಿಂದಲೇ ಹೊರಡೋಣ, ವ್ಯಾನ್ ಬಂದಿದೆ ಅಂದನಂತೆ. ಊರ ಯಜಮಾನ ಯಂಕಪ್ಪ ಅವನ ಮೇಲೆ ಹಾರಿಬಿದ್ದ. “ಯಾವ ಬಾಗ್ಲು, ಯಾವ ಒಸ್ಲು ದಾಟಿಸ್ತೀಯಲೇ? ಪಿಳ್ಳಪ್ಪನ ಕಾಲದಿಂದ ಬಂದಿರೋದು. ದಾಟ್ದೆ ಹೋದ್ರೆ ನಿಮ್ಮಪ್ಪ ಇಲ್ಲೇ ಸುತ್ತಿರ್ತಾನೆ. ಆಮೇಲೆ ನೀನು ಕಟ್ಟೋ ಪಿ.ಜಿ.ಲಿ ಯಾವಳು ಮಲಗ್ತಾಳೆ ನೋಡ್ತೀನಿ!” ಪಿ.ಜಿ. ಅಂದದ್ದೇ ಬಾಲಾಜಿಯ ಮುಖ ಬಿಳಿಚಿತು. ಅಪ್ಪನ ಸಾವಿಗೂ ಅಷ್ಟು ಬಿಳಿಚಿರಲಿಲ್ಲ.

ಯಂಕಪ್ಪ, ಬಾಲಾಜಿ, ಹಿಂದೆ ವೆಂಕಟಮ್ಮ, ಮೂವರೂ ಹಿತ್ತಲು ಸುತ್ತಿಕೊಂಡು ಬಂದರು. ಅರಿಶಿನ ಕುಂಕುಮ ಬಳಿದ ಹೊಸ್ತಿಲು ನೋಡಿ ವೆಂಕಟಮ್ಮ ಅಲ್ಲೇ ನಿಂತುಬಿಟ್ಟಳು. ಅವಳೂ ಅದರ ಮೇಲೆ ಸೇರು ಒದ್ದು ಬಂದ ಸೊಸೆಯೇ.

“ಚಿಕ್ಕಮ್ಮ, ಕಾಲಿಗೆ ಬೀಳ್ತೀನಿ” ಅಂದ ಬಾಲಾಜಿ. “ಈ ಹೊಸ್ಲು ಕಿತ್ಕೊಂಡು ಅಲ್ಲಿ ಮುಂದೆ ಇಡ್ತೀನಿ. ಒಂದು ಗಂಟೆ ಕೊಡಿ ಸಾಕು.”

“ಕಿತ್ಕೋ” ಅಂದಳು ಚಿಕ್ಕಮುನಿಯಮ್ಮ ಕೂತಲ್ಲಿಂದಲೇ. “ಹಾಲು ತುಪ್ಪ ಬಿಟ್ಟು ಕೂರ್ಸಿರೋ ಹೊಸ್ಲನ್ನ, ಹೆಣ ಇಟ್ಕೊಂಡು ಕೀಳಬೋದಾ ಅಂತ ಯಜಮಾನ್ರನ್ನ ಕೇಳ್ಕೊಂಡು ಕಿತ್ಕೋ.”

ಯಂಕಪ್ಪ ತಲೆ ಅಲ್ಲಾಡಿಸಿದ. “ಆಗಕ್ಕಿಲ್ಲ. ಹಂಗೆಲ್ಲಾ ಮುಟ್ಟಂಗಿಲ್ಲ. ಎಲ್ಲದೋ ಅಲ್ಲೇ ದಾಟ್ಬೇಕು.”

“ನಾನೇನು ಅಡ್ಡ ಬರಲ್ಲ” ಅಂದಳು ಚಿಕ್ಕಮುನಿಯಮ್ಮ. “ಬಾಗ್ಲು ತೆರೆದೇ ಇದೆ. ರಿಬ್ಬನ್ನೂ ಕಟ್ಟಿಲ್ಲ.”

ಯಂಕಪ್ಪ ಮುಖ ಬೇರೆ ಕಡೆ ತಿರುಗಿಸಿದ. ಆವತ್ತು ಮುನೀಂದ್ರನ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

ಹೆಣವನ್ನು ಆ ಕೋಣೆಯಿಂದ ಈ ಕೊಟ್ಟಿಗೆಗೆ ತರಬೇಕಾದರೆ ಮಧ್ಯೆ ಗೋಡೆ ಇತ್ತಲ್ಲ. ರಾಮಯ್ಯ ತಾನೇ ನಿಂತು ಎಬ್ಬಿಸಿದ ಗೋಡೆ, ತಾನೇ ಮುಚ್ಚಿಸಿದ ಕದ. ಅದನ್ನು ಬಾಲಾಜಿ ಸಂಬಂಧಿಕರ ಜೊತೆ ಸೇರಿ ಸುತ್ತಿಗೆ ತೆಗೆದುಕೊಂಡು ಒಡೆದ. ಒಳ್ಳೇ ಸಿಮೆಂಟು, ಬೇಗ ಬಗ್ಗಲಿಲ್ಲ. ಇಟ್ಟಿಗೆ ಒಂದೊಂದಾಗಿ ತೊಟ್ಟಿಗೆ ಬೀಳುವುದನ್ನು ಚಿಕ್ಕಮುನಿಯಮ್ಮ ತನ್ನ ಕಡೆ ಉಳಿದಿದ್ದ ಪಡಸಾಲೆಯಲ್ಲಿ ನಿಂತು ನೋಡಿದಳು. ಹೊಟ್ಟೆಯೊಳಗೆ ಹಬ್ಬದ ದಿನದ ಹಾಗೆ ಆಗುತ್ತಿತ್ತು. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಖುಷಿಯಾಗುತ್ತಿತ್ತು. ಗೌರಿ ಅಮ್ಮನ ಮುಖ ನೋಡಲಾರದೆ ಅಡುಗೆ ಮನೆಗೆ ಹೋದಳು.

ಚಟ್ಟ ಬಂತು. ತೊಟ್ಟಿ ದಾಟಿತು, ಕೊಟ್ಟಿಗೆ ದಾಟಿತು, ತಿಪ್ಪೆ ಬಾಗಿಲಿಗೆ ಬಂದು ನಿಂತಿತು. ಹಿಡಿಸಲಿಲ್ಲ. ಹಿಡಿಸುವುದಿಲ್ಲ ಅಂತ ಗೊತ್ತಿದ್ದೂ ಎರಡು ಸಲ ನೇರವಾಗಿಯೇ ಪ್ರಯತ್ನಪಟ್ಟರು. ಕೊನೆಗೆ ಯಂಕಪ್ಪ, “ಓರೆ ಮಾಡ್ರಪ್ಪ” ಅಂದ. ಬಾಲಾಜಿ ಅಪ್ಪನ ಎರಡೂ ಕೈಯನ್ನು ಎದೆಗೆ ಬಿಗಿದು ಕಟ್ಟಿಸಿದ್ದ. ಆದರೆ ಓರೆಯಾದ ಹೆಣದ ಭಾರ ಯಾರ ಮಾತು ಕೇಳುತ್ತದೆ? ಕಟ್ಟು ಜಾರಿತು. ರಾಮಯ್ಯನ ಬಲಗೈ ಬಟ್ಟೆಯಿಂದ ಹೊರಗೆ ಬಿದ್ದು ಬಾಗಿಲ ಕಲ್ಲಿಗೆ ಬಡಿಯಿತು. ಟಕ್.

ಅದೇ ಸದ್ದು.

“ಅಯ್ಯೋ, ನಿಧಾನ ಕಣ್ರೋ! ಅವ್ರ ಕೈ, ಅವ್ರ ಕೈ!” ಎಂದು ವೆಂಕಟಮ್ಮ ಚೀರಿದಳು. ಇಪ್ಪತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ಇದೇ ಮಾತನ್ನು ಚೀರಿದ್ದು ಚಿಕ್ಕಮುನಿಯಮ್ಮ. ಅವಳು ಈಗ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಒಂದು ದೊಡ್ಡ ಉಸಿರು ಬಿಟ್ಟಳು. ಅವಳ ಹೊಟ್ಟೆ ತಣ್ಣಗಾಯಿತು. ಚಟ್ಟ ಹೊಸ್ತಿಲ ನಡುವಿನ ಸವೆದ ಹಳ್ಳದ ಮೇಲೆ ಹಾದು, ಹಿಂದಿನ ಓಣಿಗೆ ಇಳಿದು, ಡೆಲಿವರಿ ಬೈಕುಗಳನ್ನು ಪಕ್ಕಕ್ಕೆ ಸರಿಸುತ್ತ ಹೋಯಿತು.

ಹನ್ನೊಂದರ ದಿನ ರಾಮಯ್ಯನ ಎಡೆಯನ್ನು ಕಾಗೆ ಇಟ್ಟ ಕೂಡಲೇ ಮುಟ್ಟಿತು. ಅದಕ್ಕೆ ಚಿಕ್ಕಮುನಿಯಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಅವನು ಹೋಗಲಿ, ಇಲ್ಲಿ ಯಾರಿಗೆ ಬೇಕಾಗಿದ್ದಾನೆ.

ಮಾರನೆಯ ದಿನ ವೆಂಕಟಮ್ಮ ಒಡೆದ ಗೋಡೆಯ ಸಂದಿಯಲ್ಲಿ ಬಂದು ನೋಡುತ್ತಾಳೆ, ತಿಪ್ಪೆ ಬಾಗಿಲ ಹತ್ತಿರ ಅಮರಪ್ಪ ಗಾರೆ ಕಲಸುತ್ತಿದ್ದಾನೆ. ಬಾಗಿಲ ಎರಡೂ ಪಕ್ಕದ ಮಣ್ಣು ಗೋಡೆಯನ್ನು ಆಗಲೇ ಕಡಿದಾಗಿದೆ. ಒಳಗೆ ಹುದುಗಿದ್ದ ಹೊಸ್ತಿಲು ಉದ್ದಕ್ಕೂ ಬಯಲಾಗಿದೆ. ಈಗ ಅದರಲ್ಲಿ ಇಬ್ಬರು ಅಕ್ಕಪಕ್ಕ ನಡೆದು ಹೋಗಬಹುದು. ಚಿಕ್ಕಮುನಿಯಮ್ಮ ಹೊಸ್ತಿಲ ಹೊಸದಾಗಿ ಬಯಲಾದ ಭಾಗಕ್ಕೆ ಅರಿಶಿನ ಹಚ್ಚುತ್ತ ಕೂತಿದ್ದಾಳೆ.

“ಇದೇನೇ ಇದು?” ಅಂದಳು ವೆಂಕಟಮ್ಮ.

“ಅಗಲ ಮಾಡಿಸ್ತಿದೀನಿ ಅಕ್ಕ. ಇನ್ಮೇಲೆ ಇದೇ ಅಲ್ವಾ ತಲೆಬಾಗ್ಲು. ನಾಳೆ ನೀವು ಹೋಗ್ಬೇಕು, ನಾನು ಹೋಗ್ಬೇಕು. ನಾವೂ ಯಾಕೆ ಓರೆಯಾಗಿ ಹೋಗೋದು? ನೆಟ್ಟಗೆ ಹೋಗೋಣ.”

ವೆಂಕಟಮ್ಮ ಕಡಿದ ಮಣ್ಣಿನ ರಾಶಿ ನೋಡಿದಳು. “ಅರ್ಧ ದಿನದ ಕೆಲ್ಸ ಕಣೇ ಇದು. ಎಲ್ಡು ವಾರ ಮುಂಚೆ ಮಾಡ್ಸಿದ್ರೆ ನಿನ್ ಗಂಟೇನೇ ಹೋಗ್ತಿತ್ತು?”

ಚಿಕ್ಕಮುನಿಯಮ್ಮ ಅರಿಶಿನದ ಬೆರಳನ್ನು ಹೊಸ್ತಿಲಿಗೆ ಒರೆಸಿ ತಲೆಯೆತ್ತಿದಳು.

“ಎರಡು ವಾರ ಮುಂಚೆ ಮಾಡ್ಸಿದ್ರೆ, ಭಾವ ನೆಟ್ಟಗೆ ಹೋಗ್ಬಿಡ್ತಿದ್ರಲ್ಲಕ್ಕ.”